ಹಳದಿ ತಟ್ಟೆಯ ಹತ್ತು ಹುಳುಗಳು

ಮಸ್ಕಿ

ಪರದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ಸುದ್ದಿ ಹೇಳುತ್ತಾರೆ. ನನ್ನ ಹತ್ತಿರ ಆ ಸುದ್ದಿ ಇಲ್ಲ. ಹೋಗುವಾಗ ಎರಡು, ಬರುವಾಗ ಎರಡು, ನಾಲ್ಕೂ ವಿಮಾನಗಳಲ್ಲಿ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ನಾನು ಹುಟ್ಟಾ ಪುಕ್ಕಲಿ. ಲಿಫ್ಟ್, ಹಲ್ಲಿ, ಎದುರಿಗೆ ಬರುವ ಭತ್ತದ ಲಾರಿ, ಗೊತ್ತಿಲ್ಲದ ನಂಬರಿನಿಂದ ಬರುವ ಫೋನು, ಎಲ್ಲಕ್ಕೂ ಹೆದರುತ್ತೇನೆ. ಬ್ಯಾಕ್ಟೀರಿಯಕ್ಕೆ ಮಾತ್ರ ಹೆದರುವುದಿಲ್ಲ. ಹನ್ನೊಂದು ವರ್ಷದಿಂದ ಸಿಂಧನೂರಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಿದ್ದೇನೆ. ದಿನಾ ಮಸ್ಕಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ.

"ಕಾಣೋ ಹುಳಕ್ಕ ಚೀರ್ತಿ, ಕಾಣದ ಹುಳದ ಕೂಡ ಸಂಸಾರ ಮಾಡ್ತಿ. ಇದ್ಯಾವ ನಮೂನಿ ಹೆದರಿಕಿ ಬೇ ನಿಂದು?" ಎಂದು ಅಮ್ಮಿ ನಗುತ್ತಾಳೆ.

ಅಮ್ಮಿ ಎಂದರೆ ನನ್ನ ತಾಯಿ. ಮನೆಯಲ್ಲಿ ನಾವಿಬ್ಬರೇ. ಅವಳು ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಲುಂಗಿ, ಚಾದರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲು ಬಿಡದೆ ಕೈಯಿಂದಲೇ ಹೊಲಿಯುವ ಕೆಲಸ. ಬಾಣಂತಿಯರಿಗೆ, ಹೊಸ ಮದುಮಕ್ಕಳಿಗೆ ಅಮ್ಮಿಯ ಕೌದಿಯೇ ಬೇಕು ಎನ್ನುವವರು ಲಿಂಗಸುಗೂರಿನಿಂದಲೂ ಬರುತ್ತಾರೆ. ಚಿಕ್ಕವಳಿದ್ದಾಗಿನಿಂದ ನಾನೂ ಅವಳ ಎದುರು ಕೂತು ಹೊಲಿದಿದ್ದೇನೆ. ಕೌದಿ ದಪ್ಪ, ಸೂಜಿ ಕೆಳಗೆ ದಾಟಿತೋ ಇಲ್ಲವೋ ಮೇಲಿನಿಂದ ಕಾಣುವುದಿಲ್ಲ. ಅದಕ್ಕೇ ಎಡಗೈ ತೋರುಬೆರಳು ಬಟ್ಟೆಯ ಕೆಳಗಿರುತ್ತದೆ. ಸೂಜಿಯ ತುದಿ ಆ ಬೆರಳಿಗೆ ಮುಟ್ಟಿದೊಡನೆ ಮೇಲಕ್ಕೆ ತಿರುಗಿಸಬೇಕು. ಸ್ವಲ್ಪ ತಡವಾದರೆ ರಕ್ತ. ಆಗ ಬೆರಳನ್ನು ಬಾಯಲ್ಲಿಟ್ಟು ಚೀಪಿ, ಲಂಗಕ್ಕೆ ಒರೆಸಿಕೊಂಡು, ಮತ್ತೆ ಹೊಲಿಯುವುದು. ಅದು ಗಾಯವೆಂದು ನಮ್ಮ ಓಣಿಯಲ್ಲಿ ಯಾರೂ ಹೇಳುವುದಿಲ್ಲ.

ಹೋದ ವರ್ಷ ಐರ್‌ಲೆಂಡಿನ ಒಂದು ಪ್ರಯೋಗಾಲಯದಲ್ಲಿ ಮೂರು ತಿಂಗಳು ಕಲಿಯುವ ಅವಕಾಶ ಸಿಕ್ಕಿತು. ಗಾಯದಲ್ಲಿ ಕೀವು ತರುವ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಗಳನ್ನು ಅಲ್ಲಿ ಹುಳುಗಳ ಮೈಯಲ್ಲಿ ಪರೀಕ್ಷಿಸುತ್ತಾರೆ ಎಂದು ಪತ್ರದಲ್ಲಿತ್ತು. ಹುಳು ಎಂಬ ಪದ ಓದಿದಾಗಲೇ ಪತ್ರ ಮಡಿಸಿಟ್ಟೆ. ಆದರೂ ಒಪ್ಪಿಕೊಂಡೆ. ಕಾರಣ ನನ್ನ ಖಾಲೂ, ಅಂದರೆ ಚಿಕ್ಕಮ್ಮನ ಗಂಡ. ದಢೇಸುಗೂರಿನ ಗದ್ದೆಯಲ್ಲಿ ಅವರ ಪಾದಕ್ಕೆ ಕುಡುಗೋಲು ತಾಗಿ ಚಿಕ್ಕ ಗಾಯವಾಗಿತ್ತು. ಮೂರು ಸಲ ಮದ್ದು ಬದಲಾಯಿಸಿದರೂ ಕೀವು ನಿಲ್ಲಲಿಲ್ಲ. ಕೊನೆಗೆ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ಯುವಾಗ ಲಿಂಗಸುಗೂರು ದಾಟುವ ಮುಂಚೆಯೇ ಉಸಿರು ಹೋಯಿತು. ಗಾಡಿಯಲ್ಲಿ ಅವರ ಕೈ ನನ್ನ ಕೈಯಲ್ಲಿತ್ತು. ಬ್ಯಾಕ್ಟೀರಿಯದ ಹೆಸರು, ಕುಲ, ಗೋತ್ರ ಎಲ್ಲ ಬಲ್ಲ ನನಗೆ ಏನೂ ಮಾಡಲಾಗಲಿಲ್ಲ.

ನೋರಾಳ ಮನೆ

ನಾನು ಇಳಿದುಕೊಂಡದ್ದು ನೋರಾ ಎಂಬ ಹೆಂಗಸಿನ ಮನೆಯಲ್ಲಿ. ಎಪ್ಪತ್ತರ ಹತ್ತಿರದ ವಯಸ್ಸು. ಒಂದು ಕಾಲಕ್ಕೆ ಸೈಕಲ್ಲಿನ ಮೇಲೆ ಊರಿಗೆಲ್ಲ ಟಪಾಲು ಹಂಚಿದವಳು. ಅವಳು ಆಡುವುದು ಇಂಗ್ಲಿಷೇ ಆದರೂ ನನ್ನ ತಲೆಯಲ್ಲಿ ಅವಳ ಮಾತು ಮಸ್ಕಿಯ ಕನ್ನಡದಲ್ಲೇ ಕೂತಿದೆ. ಹಾಗಾಗಿ ಹಾಗೇ ಬರೆಯುತ್ತೇನೆ.

ಮೊದಲ ದಿನವೇ ಸ್ನಾನದ ಕೋಣೆಯಲ್ಲಿ ಒಂದು ದಾರ ಕಂಡಿತು. ಚಾವಣಿಯಿಂದ ಇಳಿಬಿದ್ದಿದ್ದ ದಾರದ ತುದಿಗೆ ಕೆಂಪು ಗುಂಡಿ. ಅದನ್ನು ಎಳೆದರೆ ಗಂಟೆ ಬಾರಿಸಿ ಪೊಲೀಸರೋ ಬೆಂಕಿ ಆರಿಸುವವರೋ ಬರುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ಆರು ದಿನ ಐಸಿನಂಥ ನೀರಲ್ಲಿ ಹಲ್ಲು ಕಟಕಟಿಸುತ್ತಾ ಸ್ನಾನ ಮಾಡಿದೆ. ಏಳನೆಯ ದಿನ ನನ್ನ ನಡುಕ ನೋಡಿ ನೋರಾ ಒಳಗೆ ಬಂದು ದಾರ ಎಳೆದಳು. ಬಿಸಿನೀರು ಬಂತು.

"ಆರ ದಿನ ಕೇಳಲಿಲ್ಲೇನವಾ? ಬಾಯಾಗ ಏನ ಇಟ್ಕೊಂಡಿದ್ದಿ?" ಎಂದಳು.

ಏನು ಇಟ್ಟುಕೊಂಡಿದ್ದೆ ಎಂದು ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೇಳುವುದೆಂದರೆ ನನಗೆ ಬೆತ್ತಲಾಗಿ ನಿಂತಷ್ಟು ಸಂಕೋಚ. ಕಲಿಸುವ ಕೆಲಸದವರಿಗೆ ಇದು ಇನ್ನೂ ಹೆಚ್ಚೇನೋ.

ಅಲ್ಲಿಯ ಜನರಿಗೆ ಎಲ್ಲವೂ 'ಗ್ರ್ಯಾಂಡ್', ಅಂದರೆ ಚೆನ್ನಾಗಿದೆ. ಹೇಗಿದ್ದೀರಿ ಎಂದರೆ ಗ್ರ್ಯಾಂಡ್, ಮಳೆ ಬಂದರೆ ಗ್ರ್ಯಾಂಡ್, ಮೊಣಕಾಲು ಮುರಿದುಕೊಂಡವನೂ ಗ್ರ್ಯಾಂಡ್. ನಮ್ಮಲ್ಲಿ ಒಂದು ನೆಗಡಿ ಬಂದರೆ ಇಡೀ ಬಸ್ಸಿಗೆ ಗೊತ್ತಾಗಿ, ಹಿಂದಿನ ಸೀಟಿನವರು ಕಷಾಯ ಹೇಳಿಕೊಡುತ್ತಾರೆ. ಅಲ್ಲಿ ನೋವನ್ನು ಹೊರಗೆ ತೆಗೆದು ತೋರಿಸುವ ಪದ್ಧತಿ ಇಲ್ಲ. ಬಸ್ಸಿಳಿಯುವಾಗ ಮಾತ್ರ ಒಬ್ಬೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಸಿಂಧನೂರು ಬಸ್ಸಿನಲ್ಲಿ ಹಾಗೆ ಹೇಳಿದರೆ ಏನೋ ಕೆಳಗೆ ಬಿತ್ತು ಎಂದು ಡ್ರೈವರ್ ಬ್ರೇಕ್ ಒತ್ತುತ್ತಾನೆ.

ನಾನು ಹೋದದ್ದು ಜೂನ್ ತಿಂಗಳು. ರಾತ್ರಿಯ ಊಟ ಮುಗಿದರೂ ಕಿಟಕಿಯ ಹೊರಗೆ ಬಿಸಿಲಿರುತ್ತಿತ್ತು. ಹೆದರುವವರಿಗೆ ಕತ್ತಲು ಕಷ್ಟ ಎಂದುಕೊಂಡಿದ್ದೆ. ಮುಗಿಯದ ಬೆಳಕು ಅದಕ್ಕಿಂತ ಕಷ್ಟ ಎಂದು ಅಲ್ಲಿ ತಿಳಿಯಿತು.

ಗಾಳದ ಅಂಗಡಿ

ಪ್ರಯೋಗಾಲಯದ ಮುಖ್ಯಸ್ಥೆ ಫಿಯೋನಾ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಮಾತು ಅಳೆದು ತೂಗಿದಂತೆ. ಅವಳ ಮಾತು ನನ್ನ ಕಿವಿಯಲ್ಲಿ ಪಠ್ಯಪುಸ್ತಕದ ಕನ್ನಡದಲ್ಲೇ ಉಳಿದಿದೆ. ಹುಳು ತರೋಣ ಬಾ ಎಂದು ಎರಡನೆಯ ವಾರ ನನ್ನನ್ನು ಕರೆದುಕೊಂಡು ಹೋದಳು. ನಾನು ಯಾವುದೋ ಸರ್ಕಾರಿ ಕಟ್ಟಡ, ಬಿಳಿ ಕೋಟಿನವರು ಎಂದೆಲ್ಲ ಊಹಿಸಿದ್ದೆ. ಹೋಗಿ ನಿಂತದ್ದು ಮೀನಿಗೆ ಗಾಳ ಹಾಕುವವರ ಅಂಗಡಿಯ ಮುಂದೆ.

ದುಡ್ಡಿನ ಗಲ್ಲಾದ ಪಕ್ಕದಲ್ಲಿ ಡಬ್ಬಿ, ಡಬ್ಬಿಯಲ್ಲಿ ಮರದ ಹೊಟ್ಟು, ಹೊಟ್ಟಿನಲ್ಲಿ ಕೆನೆಬಣ್ಣದ ಹುಳುಗಳು. ಕಿರುಬೆರಳಿನ ಅರ್ಧದಷ್ಟು ಉದ್ದ, ಮೈತುಂಬ ಮಡಿಕೆ. ಜೇನುಹುಟ್ಟಿನ ಮೇಣ ತಿಂದು ಬೆಳೆಯುವ ಪತಂಗದ ಮರಿಗಳು. ಗುರುಗುಂಟಾ ಕಡೆ ಜೇನು ಬಿಡಿಸುವವರು ಹಳೆಯ ಹುಟ್ಟಿನಲ್ಲಿ ಬಲೆ ಕಟ್ಟಿಕೊಂಡು ಕೂತ ಇವುಗಳನ್ನು ಕಂಡರೆ ಬೈದು ಬಿಸಾಡುತ್ತಾರೆ. ಇಲ್ಲಿ ಫಿಯೋನಾ ಒಂದೊಂದನ್ನೂ ಬೆಳಕಿಗೆ ಹಿಡಿದು, ಮಚ್ಚೆಯಿದ್ದವನ್ನು ಬದಿಗಿಟ್ಟು, ಬದನೆಕಾಯಿ ಆರಿಸುವಂತೆ ಆರಿಸುತ್ತಿದ್ದಳು. ನಾನು ಬಾಗಿಲ ಬಳಿ ಒಂದು ಕಾಲು ಹೊರಗಿಟ್ಟುಕೊಂಡೇ ನಿಂತಿದ್ದೆ.

ಹುಳುವೇ ಏಕೆ ಎಂದು ನೀವು ಕೇಳಬಹುದು. ಬಹಳಷ್ಟು ಹುಳುಗಳು ನಮ್ಮ ಮೈಯ ಬಿಸಿಯಲ್ಲಿ ಬದುಕುವುದಿಲ್ಲ, ಇವು ಬದುಕುತ್ತವೆ. ಹೊರಗಿನ ಬ್ಯಾಕ್ಟೀರಿಯ ಒಳಗೆ ಬಂದರೆ ಅದನ್ನು ನುಂಗಲು ಹೊರಡುವ ಕಣಗಳು ನಮ್ಮ ರಕ್ತದಲ್ಲಿರುವಂತೆಯೇ ಇವುಗಳ ಮೈಯಲ್ಲೂ ಇವೆ. ಇಲಿಗಳ ಮೇಲೆ ಪ್ರಯೋಗ ಮಾಡುವ ಮುಂಚೆ, ಮನುಷ್ಯರ ತನಕ ಬರುವ ಬಹಳ ಮುಂಚೆ, ಒಂದು ಮದ್ದು ನಿಜವಾದ ಮೈಯೊಳಗೆ ಕೆಲಸ ಮಾಡುತ್ತದೋ ಇಲ್ಲವೋ ಇವು ಹೇಳುತ್ತವೆ. ಹೇಳುವುದು ಬಣ್ಣದಲ್ಲಿ. ಸೋಂಕು ಏರಿದಂತೆ ಕೆನೆಬಣ್ಣದ ಮೈ ಮೊದಲು ಕಂದು, ಆಮೇಲೆ ಕಪ್ಪು. ಪೂರ್ತಿ ಕಪ್ಪಾಗಿ, ಮುಟ್ಟಿದರೂ ಅಲುಗದಿದ್ದರೆ ಸತ್ತಿದೆ ಎಂದು ಬರೆದುಕೊಳ್ಳಬೇಕು.

ಸೋಮವಾರ

ನಾಲ್ಕನೆಯ ವಾರ, ಸೋಮವಾರ ಬೆಳಿಗ್ಗೆ ನನ್ನ ಕೈಗೆ ಸೂಜಿ ಬಂತು. ಹಿಂದಿನ ವಾರಗಳಲ್ಲಿ ಸುಮ್ಮನೆ ನೋಡಿ, ನೀರು ಹಾಕಿ ಅಭ್ಯಾಸ ಮಾಡಿದ್ದೆ. ಹುಳುವನ್ನು ಮುಟ್ಟುವುದಕ್ಕೇ ಹತ್ತು ದಿನ ಹಿಡಿದಿತ್ತು.

ಮೇಜಿನ ಮೇಲೆ ನಾಲ್ಕು ಗಾಜಿನ ತಟ್ಟೆ: ಕೆಂಪು, ಬಿಳಿ, ನೀಲಿ, ಹಳದಿ ಪಟ್ಟಿ ಅಂಟಿಸಿದ್ದವು. ಒಂದೊಂದರಲ್ಲಿ ಹತ್ತು ಹುಳು. ಅದೇ ನಾಲ್ಕು ಬಣ್ಣದ ನಾಲ್ಕು ಟ್ಯೂಬು. ಮೂರು ಟ್ಯೂಬಿನಲ್ಲಿ ಬ್ಯಾಕ್ಟೀರಿಯ, ಒಂದರಲ್ಲಿ ಬರೀ ಉಪ್ಪುನೀರು. ಮೊದಲ ಸೂಜಿ ನನ್ನದು. ಒಂದು ಗಂಟೆಯ ನಂತರ ಫಿಯೋನಾ ಪ್ರತಿ ಹುಳಕ್ಕೂ ಎರಡನೆಯ ಸೂಜಿ ಕೊಡುತ್ತಾಳೆ. ಒಂದು ತಟ್ಟೆಗೆ ಎಲ್ಲ ಆಸ್ಪತ್ರೆಗಳಲ್ಲೂ ಮೊದಲು ಬರೆಯುವ ಮಾಮೂಲಿ ಮದ್ದು, ಇನ್ನೊಂದಕ್ಕೆ ಈಗ ಅಷ್ಟಾಗಿ ಬಳಸದ ಹಳೆಯ ಮದ್ದು, ಉಳಿದ ಎರಡಕ್ಕೆ ಉಪ್ಪುನೀರು. ಯಾವ ಬಣ್ಣದಲ್ಲಿ ಏನಿದೆ ಎಂದು ಗೊತ್ತಿದ್ದದ್ದು ಅವಳೊಬ್ಬಳಿಗೆ.

"ನಿನಗೆ ಗೊತ್ತಿದ್ದರೆ ನಿನ್ನ ಕಣ್ಣು ತನಗೆ ಬೇಕಾದ್ದನ್ನು ನೋಡುತ್ತದೆ. ಎಲ್ಲರ ಕಣ್ಣೂ ಹಾಗೇ," ಎಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. "ಸೂಜಿ ಚುಚ್ಚಿಕೊಂಡರೆ ಆ ಕ್ಷಣವೇ ಹೇಳಬೇಕು. ನೀರಿನ ಸೂಜಿಯಾದರೂ ಸರಿ."

ಕ್ರಮ ಹೀಗಿದೆ: ಹುಳುವನ್ನು ಸ್ಪಂಜಿನ ಮೇಲೆ ಅಂಗಾತ ಮಲಗಿಸಿ, ಮೊಂಡು ಚಿಮಟದಿಂದ ಹಿಡಿದು, ಹೊಟ್ಟೆಯ ಕೆಳಗಿನ ಕೊನೆಯ ಮೊಂಡುಗಾಲಿನ ಬುಡಕ್ಕೆ ಸೂಜಿ ಇಳಿಸಬೇಕು. ಬೆರಳು ಹತ್ತಿರ ಬರಬಾರದು. ಕೆಂಪು, ಬಿಳಿ, ನೀಲಿ ಸರಿಯಾಗಿ ಮುಗಿದವು. ಹಳದಿಯ ಆರು ಹುಳುಗಳೂ ಆದವು. ಫಿಯೋನಾ ಪಕ್ಕದ ಕೋಣೆಗೆ ಹೋಗಿದ್ದಳು. ಏಳನೆಯದು ಚಿಮಟದಲ್ಲಿ ನಿಲ್ಲದೆ ತಿರುಚಿಕೊಳ್ಳತೊಡಗಿತು. ಎರಡು ಸಲ ಜಾರಿತು. ಮೂರನೆಯ ಸಲ ನನ್ನ ಕೈಗಳು ನನ್ನನ್ನು ಕೇಳಲಿಲ್ಲ. ಚಿಮಟ ಕೆಳಗಿಟ್ಟು, ಹುಳುವನ್ನು ಎಡಗೈಯಲ್ಲಿ ಎತ್ತಿಕೊಂಡು, ತೋರುಬೆರಳನ್ನು ಅದರ ಬೆನ್ನ ಕೆಳಗೆ ಕೊಟ್ಟೆ. ಸೂಜಿ ಇಳಿಸಿ, ತುದಿ ಬೆರಳಿಗೆ ಮುಟ್ಟಲಿ ಎಂದು ಕಾದೆ.

ಮುಟ್ಟಿತು. ಕೈಗವಸು ದಾಟಿ ಒಳಗೆ ಹೋಯಿತು.

ಇಲ್ಲಿಂದ ಮುಂದಿನದನ್ನು ಬರೆಯಲು ಈಗಲೂ ನಾಚಿಕೆ. ಸೂಜಿ ತೆಗೆದೆ, ಹುಳುವನ್ನು ತಟ್ಟೆಗೆ ಬಿಟ್ಟೆ, ಕೈಗವಸು ಕಿತ್ತೆ. ಬೆರಳ ತುದಿಯಲ್ಲಿ ಸಾಸಿವೆಯಷ್ಟು ರಕ್ತ. ಅದನ್ನು ಬಾಯಲ್ಲಿಟ್ಟು ಚೀಪಿದೆ. ಪ್ರಯೋಗಾಲಯದಲ್ಲಿ ಉಗುರು ಕಚ್ಚಿದ ಹುಡುಗಿಯರನ್ನು ಹನ್ನೊಂದು ವರ್ಷ ಹೊರಗೆ ನಿಲ್ಲಿಸಿದವಳು, ಬ್ಯಾಕ್ಟೀರಿಯ ಮೆತ್ತಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದೆ. ಎರಡು ಕ್ಷಣ ಆದ ಮೇಲೆ ಎಲ್ಲಿದ್ದೇನೆ ಎಂದು ಅರಿವಾಯಿತು. ನಲ್ಲಿಯ ಕೆಳಗೆ ಬೆರಳು ಹಿಂಡಿದೆ, ಸೋಪು ಹಾಕಿದೆ, ಬಾಯಿ ಮುಕ್ಕಳಿಸಿದೆ, ಮತ್ತೆ ಹಿಂಡಿದೆ. ಫಿಯೋನಾ ಬಂದಾಗ ಹೊಸ ಕೈಗವಸು ಹಾಕಿಕೊಂಡು, ಹೊಸ ಸೂಜಿಯಿಂದ, ಹತ್ತನೆಯ ಹುಳ ಮುಗಿಸುತ್ತಿದ್ದೆ.

"ಎಲ್ಲ ಸರಿ ಇದೆಯೇ?" ಎಂದು ಕೇಳಿದಳು.

"ಗ್ರ್ಯಾಂಡ್," ಎಂದೆ. ಅಲ್ಲಿಗೆ ಹೋದ ಮೇಲೆ ಆ ಪದವನ್ನು ನಾನು ಬಳಸಿದ್ದು ಅದೇ ಮೊದಲು.

ಎರಡನೆಯ ಸೂಜಿಗಳನ್ನು ಕೊಟ್ಟು, ತಟ್ಟೆಗಳನ್ನು ನಮ್ಮ ಮೈಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿಟ್ಟು, ಮಧ್ಯಾಹ್ನ ಫಿಯೋನಾ ತಂಗಿಯ ಮದುವೆಗೆಂದು ಇನ್ನೊಂದು ಊರಿಗೆ ಹೊರಟುಹೋದಳು. ಗುರುವಾರ ವಾಪಸು. ದಿನಾ ಎಣಿಸಿ ಬರೆದಿಡುವ ಕೆಲಸ ನನ್ನದು.

ಮಂಗಳವಾರ

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಪೆಟ್ಟಿಗೆಯ ಬಾಗಿಲು ತೆರೆದೆ. ಕೆಂಪು ತಟ್ಟೆಯ ಹತ್ತೂ ಕಪ್ಪು. ಚಿಮಟದಿಂದ ಮುಟ್ಟಿದರೆ ಹುಣಸೆಬೀಜದಂತೆ ಉರುಳಿದವು. ಬಿಳಿ ತಟ್ಟೆಯ ಹತ್ತೂ ಕಪ್ಪು. ನೀಲಿಯವು ಕೆನೆಬಣ್ಣದಲ್ಲೇ ಇದ್ದವು. ಹಳದಿಯವೂ ಕೆನೆಬಣ್ಣ, ಒಂದರ ಮೇಲೊಂದು ಹತ್ತಿ ಓಡಾಡುತ್ತಿದ್ದವು.

ಎರಡು ತಟ್ಟೆ ಬದುಕಿದ್ದವು. ಅಂದರೆ ಒಂದರಲ್ಲಿ ಬರೀ ಉಪ್ಪುನೀರು, ಇನ್ನೊಂದರಲ್ಲಿ ಬ್ಯಾಕ್ಟೀರಿಯದ ಬೆನ್ನಿಗೇ ಕೆಲಸ ಮಾಡುವ ಮದ್ದು. ಇಷ್ಟು ಲೆಕ್ಕ ನನ್ನ ಮೊದಲ ವರ್ಷದ ವಿದ್ಯಾರ್ಥಿನಿಯೂ ಹಾಕುತ್ತಾಳೆ. ನಾನು ಏನು ಮಾಡಿದೆ ಗೊತ್ತೇ? ಎರಡೂ ತಟ್ಟೆಗಳನ್ನು ಬೆಳಕಿಗೆ ಹಿಡಿದು ಅರ್ಧ ಗಂಟೆ ನೋಡಿದೆ. ನೀಲಿಯಲ್ಲಿ ಒಂದು ಹುಳ ಸ್ವಲ್ಪ ಮಂಕಾಗಿದೆ ಅನ್ನಿಸಿತು. ಹಳದಿಯವು ಚುರುಕು ಅನ್ನಿಸಿತು. ಆದ್ದರಿಂದ ಹಳದಿಯೇ ನೀರು ಎಂದು ತೀರ್ಮಾನಿಸಿ, ಮನಸ್ಸಿನಲ್ಲೇ ಶುಕ್ರಿಯಾ ಹೇಳಿ, ಪುಸ್ತಕದಲ್ಲಿ ಬರೆದು ಬಾಗಿಲು ಮುಚ್ಚಿದೆ.

ಬೆರಳ ತುದಿ ಕೆಂಪಾಗಿತ್ತು. ನಿನ್ನೆ ಅಷ್ಟು ಹಿಂಡಿದರೆ ಕೆಂಪಾಗದೆ ಇರುತ್ತದೆಯೇ ಎಂದುಕೊಂಡೆ.

ಗಂಟೆಗೊಮ್ಮೆ ಹೋಗಿ ಹಳದಿ ತಟ್ಟೆ ನೋಡಿ ಬಂದೆ. ಹುಳು ಕಂಡರೆ ಕಿರುಚುತ್ತಿದ್ದ ನನಗೆ ಆ ಹತ್ತರ ಗುರುತು ಸಿಗತೊಡಗಿತ್ತು. ಒಂದಕ್ಕೆ ಕುತ್ತಿಗೆಯ ಹತ್ತಿರ ಮಡಿಕೆ ಹೆಚ್ಚು. ಒಂದು ಸದಾ ಅಂಚಿಗೇ ಹೋಗುತ್ತದೆ. ನಾನು ಬೆರಳ ಮೇಲೆ ಹಿಡಿದಿದ್ದ ಏಳನೆಯದು ಯಾವುದಿರಬಹುದು ಎಂದು ಹುಡುಕುತ್ತಿದ್ದೆ. ನೀವು ಬದುಕಿದರೆ ನಾನೂ ಬದುಕಿದೆ ಎಂದು ಅವಕ್ಕೆ ಹೇಳಿದೆ. ಕನ್ನಡದಲ್ಲೇ ಹೇಳಿದೆ, ಹತ್ತಿರದ ಮೇಜಿನವರು ತಲೆಯೆತ್ತಿ ನೋಡಿದರು.

ಸಂಜೆ ಚಹಾ ಕುಡಿಯುವಾಗ ನೋರಾಳ ಕಣ್ಣು ನನ್ನ ಕೈಮೇಲೆ ಬಿತ್ತು. ಚಹಾದ ಲೋಟ ಹಿಡಿದಿದ್ದೆ, ತೋರುಬೆರಳು ಮಾತ್ರ ದೂರ ಚಾಚಿಕೊಂಡಿತ್ತು.

"ಬೆರಳಿಗೇನಾತು?"

"ಏನಿಲ್ಲ, ಬಾಗಿಲಿಗೆ ಸಿಕ್ಕಿತು."

"ಯಾವ ಬಾಗಲಾ? ನಮ್ಮ ಮನ್ಯಾಗ ಅಂಥಾ ಬಾಗಲಾ ಯಾವುದೂ ಇಲ್ಲವಲ್ಲ," ಎಂದವಳು ಮುಂದೆ ಕೇಳಲಿಲ್ಲ. ಕೇಳದೇ ಇರುವುದು ಅಲ್ಲಿಯ ಮರ್ಯಾದೆ. ಅವಳು ಮಸ್ಕಿಯವಳಾಗಿದ್ದರೆ ಎಂದು ಆಗ ಬಹಳ ಅನ್ನಿಸಿತು. ನಮ್ಮ ಪಕ್ಕದ ಮನೆಯವರಾಗಿದ್ದರೆ ಬೆರಳು ಹಿಡಿದು ಎಳೆದು, ಬೆಳಕಿಗೆ ಒಯ್ದು, ನಾಲ್ಕು ಜನರನ್ನು ಕರೆದು ತೋರಿಸುತ್ತಿದ್ದರು.

ಬುಧವಾರ

ಎದ್ದಾಗ ಬೆರಳು ಮಿಡಿಯುತ್ತಿತ್ತು. ಮೊದಲ ಗೆಣ್ಣಿನವರೆಗೆ ಬಿಗಿದು ಹೊಳೆಯುತ್ತಿತ್ತು, ಉಗುರಿನ ಬದಿಗೆ ಹಸಿರು ಬೆರೆತ ಬಿಳುಪು. ಖಾಲೂ ಅವರ ಪಾದ ಕಣ್ಣೆದುರು ಬಂತು. ಅದೂ ಹೀಗೇ ಹೊಳೆಯುತ್ತಿತ್ತು. ಆದರೂ ಹೇಗಿದ್ದರೂ ಅದು ನೀರಿನ ಸೂಜಿ, ಇದು ಬರೀ ನನ್ನ ಹೆದರಿಕೆ ಎಂದು ಹೇಳಿಕೊಳ್ಳುತ್ತಾ ಕೆಲಸಕ್ಕೆ ಹೋದೆ. ಹಳದಿ ತಟ್ಟೆಯ ಹತ್ತೂ ಬದುಕಿದ್ದವು. ಸತ್ಯ ಹೇಳಬೇಕೆಂದರೆ, ಹೇಳಿದರೆ ಊರಿಗೆ ವಾಪಸು ಕಳಿಸುತ್ತಾರೆ ಎಂಬ ಭಯವಿತ್ತು. ಅದಕ್ಕಿಂತ ದೊಡ್ಡದು, ಬಾಯಲ್ಲಿ ಬೆರಳಿಟ್ಟೆ ಎಂದು ಒಪ್ಪಿಕೊಳ್ಳುವ ಭಯ.

ಮಧ್ಯಾಹ್ನ ಹನ್ನೆರಡು ದಾಟಿದಾಗ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಅಮ್ಮಿಗೆ ಫೋನು ಮಾಡಿದೆ. ಮಸ್ಕಿಯಲ್ಲಿ ಆಗ ಸಂಜೆ ಐದರ ಹತ್ತಿರ, ಅವಳು ಕೌದಿ ಮಡಿಸಿ ಚಹಾಕ್ಕೆ ಇಡುವ ಹೊತ್ತು.

"ಯಾಕ ದನಿ ಸಣ್ಣಗಾಗೈತಿ? ಉಂಡಿಲ್ಲೇನು?"

"ಉಂಡೀನಿ ಅಮ್ಮಿ. ನಿನಗ ಹೇಳಿದ್ದೆನಲ್ಲ ಹುಳದ ಡಬ್ಬಿ, ಅದರಾಗ ಹಳದಿ ಡಬ್ಬಿವು ಹತ್ತಕ್ಕ ಹತ್ತೂ ಬದುಕ್ಯಾವು." ಯಾರಿಗಾದರೂ ಹೇಳಿ, ಅವರ ಬಾಯಿಂದ ಒಳ್ಳೆಯದಾಯಿತು ಅನ್ನಿಸಿಕೊಳ್ಳಬೇಕಿತ್ತು.

"ಚಲೋ ಆತು. ಅವಕ್ಕ ಔಷಧ ಹತ್ತಿತೇನು ಹಂಗಾರ?"

"ಏನು?"

"ಅಲ್ಲಬೇ, ರೋಗದ ಸೂಜಿ ಹಾಕಿ ಆಮ್ಯಾಲ ಔಷಧದ ಸೂಜಿ ಹಾಕ್ತಾರ ಅಂತ ನೀನ ಹೇಳಿದ್ದಿ. ಬದುಕಿದ್ವು ಅಂದ್ರ ಔಷಧ ಹತ್ತಿರಬೇಕಲ್ಲ."

ಕೈಯಲ್ಲಿದ್ದ ಫೋನು ಜಾರಿ ತೊಡೆಯ ಮೇಲೆ ಬಿತ್ತು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಅಮ್ಮಿಗೆ ಕಂಡದ್ದು ಎರಡು ದಿನದಿಂದ ತಟ್ಟೆ ಹಿಡಿದುಕೊಂಡೇ ಕೂತ ನನಗೆ ಕಂಡಿರಲಿಲ್ಲ. ಹಳದಿಯ ಹುಳುಗಳಿಗೆ ಎರಡು ಸೂಜಿ ಸಿಕ್ಕಿದ್ದವು. ನನಗೆ ಸಿಕ್ಕದ್ದು ಮೊದಲನೆಯದು ಒಂದೇ.

"ಹಲೋ, ಶಮೀಮಾ. ಯಾಕ ಸುಮ್ಮನಾದಿ?"

"ಅಮ್ಮಿ, ಆ ಸೂಜಿ ನನ್ನ ಬೆರಳಿಗೆ ಚುಚ್ಚೈತಿ. ಸೋಮವಾರ."

ಆ ಕಡೆ ಚಹಾದ ಪಾತ್ರೆ ಕೆಳಗಿಟ್ಟ ಸದ್ದು.

"ಯಾವ ಬೆರಳು?"

"ಎಡಗೈ ತೋರುಬೆರಳು."

"ಕೆಳಗ ಕೊಟ್ಟಿದ್ದೇನು?"

"ಹೌ."

"ಬಾಯಾಗ ಇಟ್ಟಿದ್ದೇನು?"

"ಹೌ."

ಜಗತ್ತಿನಲ್ಲಿ ಆ ಎರಡು ಪ್ರಶ್ನೆ ಕೇಳಬಲ್ಲವಳು ಅವಳೊಬ್ಬಳೇ. "ಯಾರಿಗೆ ಹೇಳಿದಿ ಅಲ್ಲೆ?"

"ಯಾರಿಗೂ ಇಲ್ಲ."

"ನಿನ್ನ ಖಾಲೂನೂ ಹಿಂಗ ಮಾಡಿದ. ಕುಡುಗೋಲು ಹತ್ತಿದ ಮ್ಯಾಲ ಎಂಟು ದಿನ ಲುಂಗಿ ಇಳಿಬಿಟ್ಕೊಂಡು ಅಡ್ಡಾಡಿದ. ಆಳಿಗೆ ಕುಡುಗೋಲು ಹಿಡಿಯೋದು ಕಲಿಸಾಕ ಹೋಗಿ ತಾನ ಕೊಯ್ಕೊಂಡಿದ್ದ, ಹೇಳಾಕ ನಾಚಿಕಿ. ನಿಮಗ್ಯಾರಿಗೂ ಗೊತ್ತಿಲ್ಲದು. ನನ್ನ ತಂಗಿ ನನಗೊಬ್ಬಾಕಿಗೆ ಹೇಳ್ಯಾಳ. ಫೋನ ಇಡು. ಆ ಮೇಡಂಗ ಹಚ್ಚು. ಈಗಿಂದೀಗ."

ಫೋನೆತ್ತಿದ ಫಿಯೋನಾಳ ಹಿಂದೆ ಮದುವೆಮನೆಯ ಪಿಟೀಲು ಮತ್ತು ನಗು ಕೇಳಿಸುತ್ತಿತ್ತು. ನಾನು ಹೇಳಿದೆ. ಬಾಯಲ್ಲಿಟ್ಟದ್ದನ್ನೂ ಹೇಳಿದೆ. ಅವಳು ನಡೆದುಕೊಂಡು ಎಲ್ಲೋ ದೂರ ಹೋದಳು, ಪಿಟೀಲು ಸಣ್ಣದಾಯಿತು.

"ಎಷ್ಟು ಗಂಟೆ ಆಗಿದೆ?"

"ಐವತ್ತು."

"ಬೆರಳು?"

"ಮೊದಲ ಗೆಣ್ಣಿನವರೆಗೆ ಊದಿದೆ. ಹಸಿರು ಕೀವಿದೆ. ಹಳದಿಯಲ್ಲಿ ಏನಿತ್ತು, ಫಿಯೋನಾ?"

"ಬ್ಯಾಕ್ಟೀರಿಯ," ಎಂದಳು. "ಆಮೇಲೆ ನಾನು ಕೊಟ್ಟದ್ದು ಹಳೆಯ ಮದ್ದು. ನೀಲಿ ಬರೀ ನೀರು. ಕೆಂಪಿಗೆ ಮದ್ದೇ ಕೊಟ್ಟಿರಲಿಲ್ಲ. ಬಿಳಿಗೆ ಮಾಮೂಲಿ ಮದ್ದು. ಈಗ ಅಲ್ಲಿಂದ ಎದ್ದು ಆಸ್ಪತ್ರೆಗೆ ಹೋಗು. ವೈದ್ಯರ ಕೈಗೆ ಫೋನು ಕೊಡು. ಬೇರೆ ಏನನ್ನೂ ಯೋಚಿಸಬೇಡ."

ಆಸ್ಪತ್ರೆ

ವೈದ್ಯರು ಬಿಳಿ ಗಡ್ಡದ ಸಾವಧಾನದ ಮನುಷ್ಯ. ಬೆರಳು ನೋಡಿ, ಫೋನಿನಲ್ಲಿ ಫಿಯೋನಾ ಹೇಳಿದ್ದನ್ನು ಬರೆದುಕೊಂಡು, ಕೀವು ಬಿಡಿಸಿದರು. ನೋವಿಗೆ ನಾನು ಮಸ್ಕಿಗೆ ಕೇಳುವಂತೆ ಕೂಗಿಕೊಂಡೆ. ಗ್ರ್ಯಾಂಡ್ ಎನ್ನುವ ನಾಡಿನಲ್ಲಿ ಹಾಗೆ ಕೂಗಿದವರು ಅಪರೂಪವಿರಬೇಕು, ನರ್ಸ್ ಓಡಿ ಬಂದು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.

ಕಟ್ಟು ಕಟ್ಟುವಾಗ ವೈದ್ಯರು ಒಂದು ಮಾತು ಹೇಳಿದರು. ಫಿಯೋನಾ ಏನೂ ಹೇಳದೆ, ನಾನೊಬ್ಬಳೇ ಬಾಗಿಲಿಗೆ ಸಿಕ್ಕ ಬೆರಳು ಎಂದು ಹೇಳಿಕೊಂಡು ಬಂದಿದ್ದರೆ, ಅವರು ಮೊದಲು ಬರೆಯುತ್ತಿದ್ದದ್ದು ಆ ಮಾಮೂಲಿ ಮದ್ದನ್ನೇ ಅಂತೆ. ಮೂರು ದಿನ ಕಾದು ನೋಡೋಣ ಎನ್ನುತ್ತಿದ್ದರಂತೆ. ಬಿಳಿ ತಟ್ಟೆಯ ಹತ್ತು ಹುಳುಗಳು ಒಂದೇ ದಿನದಲ್ಲಿ ಕಪ್ಪಾದದ್ದು ನನ್ನ ಕಣ್ಣ ಮುಂದೆ ಬಂತು. ಆ ಮದ್ದು ಕೈಕೊಡುತ್ತದೆ ಎಂದು ನನಗಿಂತ ಮುಂಚೆ ತಿಳಿದದ್ದು ಅವಕ್ಕೆ.

ಹಳೆಯ ಮದ್ದನ್ನು ರಕ್ತನಾಳಕ್ಕೇ ಕೊಡಬೇಕಿತ್ತು. ಮೊದಲ ಮೂರು ದಿನ ಜ್ವರ ಇಳಿಯಲಿಲ್ಲ. ಕೆಂಪು ಅಂಗೈಯ ತನಕ ಬಂದು ನಿಂತಿತು. ಅದರ ಗಡಿಗೆ ನರ್ಸ್ ಪೆನ್ನಿನಿಂದ ಗೆರೆ ಎಳೆಯುತ್ತಿದ್ದಳು, ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಬೆರಳು ಹೋದರೆ ಹೋಗಲಿ, ಕೈ ಉಳಿಯಲಿ ಎಂದುಕೊಂಡೆ. ಕೈ ಹೋದರೂ ಹೋಗಲಿ, ಅಮ್ಮಿ ಒಬ್ಬಳೇ ಆಗದಿರಲಿ ಎಂದುಕೊಂಡೆ. ನೋರಾ ದಿನಾ ಬಂದು ಹಾಸಿಗೆಯ ಪಕ್ಕ ಕೂತು, "ಇನ್ನ ಮ್ಯಾಲ ನಾ ಕೇಳೇ ಕೇಳ್ತೀನವಾ, ನೀ ಸಿಟ್ಟಾಗಬ್ಯಾಡ," ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಶನಿವಾರ ಆ ಕೆಂಪು, ಪೆನ್ನಿನ ಗೆರೆಯಿಂದ ಒಂದು ಬೆರಳಿನಷ್ಟು ಹಿಂದೆ ಸರಿದಿತ್ತು. ಜ್ವರ ಇಳಿಯಿತು.

ಫ್ರೀಜರ್

ಫಿಯೋನಾ ನನ್ನನ್ನು ಬೈಯಲಿಲ್ಲ. "ನಿನ್ನ ಕೈಗೆ ಸೂಜಿ ಕೊಡುವ ಮುಂಚೆ ನಿನ್ನ ಕೈ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಕೇಳಬೇಕಿತ್ತು," ಎಂದಳು ಅಷ್ಟೆ. ಅಪಘಾತದ ವರದಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಕೌದಿಯ ಚಿತ್ರ ಬಿಡಿಸಿ ತೋರಿಸಬೇಕಾಯಿತು. ನನ್ನನ್ನು ವಾಪಸು ಕಳಿಸಲಿಲ್ಲ.

ಸೋಮವಾರ ಕೈಗೆ ಕಟ್ಟು ಕಟ್ಟಿಕೊಂಡೇ ಪ್ರಯೋಗಾಲಯಕ್ಕೆ ಹೋದೆ. ಹಳದಿ ತಟ್ಟೆ ಇನ್ನೂ ಪೆಟ್ಟಿಗೆಯಲ್ಲಿತ್ತು. ಹತ್ತೂ ಬದುಕಿದ್ದವು. ಅವುಗಳಲ್ಲಿ ಎರಡು, ರೇಷ್ಮೆಯಂಥ ನೂಲು ಬಿಟ್ಟು ಗೂಡು ಕಟ್ಟಲು ಶುರುಮಾಡಿದ್ದವು. ನನಗೆ ಅಳು ಬಂತು. ಇವನ್ನು ಎಲ್ಲಿ ಬಿಡುತ್ತೀರಿ ಎಂದು ಕೇಳಿದೆ.

"ಬಿಡುವಂತಿಲ್ಲ," ಎಂದಳು ಫಿಯೋನಾ. "ಮೈಯಲ್ಲಿ ಬ್ಯಾಕ್ಟೀರಿಯ ಇನ್ನೂ ಉಳಿದಿರಬಹುದು. ಫ್ರೀಜರಿಗೆ ಹಾಕುತ್ತೇವೆ. ಚಳಿಗೆ ನಿದ್ದೆ ಬಂದಂತೆ ಆಗುತ್ತದೆ, ಆಮೇಲೆ ಏಳುವುದಿಲ್ಲ. ನೀನು ಹೊರಗೆ ಹೋಗು, ನಾನು ಮಾಡುತ್ತೇನೆ."

ಮೈಯಲ್ಲಿ ಇನ್ನೂ ಉಳಿದಿರಬಹುದು ಎಂದು ವೈದ್ಯರು ನನಗೂ ಹೇಳಿದ್ದರು. ಇನ್ನೂ ವಾರದ ಮದ್ದು ಬಾಕಿ ಇತ್ತು. ನಾನು ಹೊರಗೆ ಹೋಗಲಿಲ್ಲ. ಅವನ್ನು ಎಣಿಸಿದವಳು ನಾನು. ಅವುಗಳ ಮೈಗೆ ರೋಗ ಹಾಕಿದವಳೂ ನಾನೇ. ಬಲಗೈಯಲ್ಲಿ ತಟ್ಟೆ ಹಿಡಿದು ಫ್ರೀಜರಿನ ಕಪಾಟಿನಲ್ಲಿಟ್ಟೆ. ಬೆಳಕಿನಿಂದ ದೂರ ಹೋಗಲು ಅವು ಒಂದರ ಕೆಳಗೊಂದು ನುಗ್ಗುತ್ತಿದ್ದವು. ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. ಒಳಗಿನಿಂದ ಯಾವ ಸದ್ದೂ ಬರುವುದಿಲ್ಲ ಎಂದು ಗೊತ್ತಿದ್ದರೂ ಕಿವಿ ಕೇಳುತ್ತಲೇ ಇತ್ತು.

ಮರಳಿ ಊರಿಗೆ

ಆಗಸ್ಟಿನ ಕೊನೆಗೆ ವಾಪಸು ಬಂದೆ. ರಾಯಚೂರಿನಿಂದ ಬಸ್ಸು. ಕಾಲುವೆಯ ಎರಡೂ ಕಡೆ ಭತ್ತದ ಸಸಿ ಹಸಿರಾಗಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಬರಿಗಾಲಿನ ಹೆಂಗಸರು ಬಗ್ಗಿ ಕಳೆ ಕೀಳುತ್ತಿದ್ದರು. ಮುಂಚೆ ಆ ನೋಟ ಚಂದ ಕಾಣುತ್ತಿತ್ತು. ಈ ಸಲ ಅವರ ಪಾದಗಳ ಬಗ್ಗೆಯೇ ಯೋಚಿಸುತ್ತಾ ಬಂದೆ.

ಮಸ್ಕಿಯ ನಿಲ್ದಾಣದಲ್ಲಿ ಅಮ್ಮಿ ನಿಂತಿದ್ದಳು. ಮುಖ ನೋಡುವ ಮುಂಚೆ ಎಡಗೈ ಹಿಡಿದುಕೊಂಡಳು. ಉಗುರು ಇನ್ನೂ ಪೂರ್ತಿ ಬಂದಿರಲಿಲ್ಲ, ಮೊದಲ ಗೆಣ್ಣು ಮಡಚುತ್ತಿರಲಿಲ್ಲ. ಬೆರಳ ತುದಿಯನ್ನು ಅವಳು ಒತ್ತಿದಳು.

"ತಿಳಿತೈತೇನು?"

"ಸ್ವಲ್ಪ."

ಆಟೋದಲ್ಲಿ ಕೂತ ಮೇಲೂ ಕೈ ಬಿಡಲಿಲ್ಲ. ಸಂತೆಯ ದಿನ, ಆಟೋ ಜನರ ನಡುವೆ ತೆವಳುತ್ತಿತ್ತು.

"ಆ ಹಳದಿ ಡಬ್ಬಿ ಹುಳ ಏನ ಮಾಡಿದ್ರು?" ಎಂದಳು. "ದಿನಾ ನಮಾಜಿನಾಗ ನಿನ್ನ ಕೂಡ ಅವಕ್ಕೂ ದುವಾ ಮಾಡೀನಿ. ನಿನ್ನ ಜೋಡಿ ಅಲ್ಲೇನು ಅವು."

ಮುಚ್ಚಿಟ್ಟರೆ ಏನಾಗುತ್ತದೆ ಎಂದು ನನ್ನಷ್ಟು ಕಲಿತವರು ಯಾರೂ ಇರಲಿಕ್ಕಿಲ್ಲ. ಆದರೂ ಅವಳ ಮುಖ ನೋಡಿ ನನಗೆ ನಿಜ ಹೇಳಲಾಗಲಿಲ್ಲ.

"ಬಿಟ್ಟಬಿಟ್ಟ್ವಿ ಅಮ್ಮಿ. ರೆಕ್ಕಿ ಬಂದು ಹಾರಿ ಹೋದ್ವು."

"ಹತ್ತೂ?"

"ಹತ್ತೂ."

ಅಮ್ಮಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ನನ್ನ ಬೆರಳಿಗೆ ಸೆರಗು ಸುತ್ತಿ, ಎರಡೂ ಕೈಯಲ್ಲಿ ಹಿಡಿದುಕೊಂಡು, ಮನೆ ಬರುವವರೆಗೆ ಸಂತೆಯನ್ನೇ ನೋಡುತ್ತಾ ಕೂತಳು.